ರಾತ್ರಿ ಜಾಬ್ ಓಡಿತಾ? ನಾಲ್ಕು ಡೇಟಾಬೇಸ್‌ಗಳಲ್ಲಿ ಎಲ್ಲಿ ನೋಡಬೇಕು, ಎಷ್ಟು ನಂಬಬೇಕು

"ರಾತ್ರಿ ಜಾಬ್ ಓಡಿತಾ?" ಬೆಳಿಗ್ಗೆ ಈ ಪ್ರಶ್ನೆ ಬಂದರೆ ಹೆಚ್ಚಿನವರು ಮೊದಲು ಜಾಬ್‌ಗಳ, ಅಂದರೆ ನಿಗದಿತ ಹೊತ್ತಿಗೆ ಡೇಟಾಬೇಸ್‌ನಲ್ಲಿ ತಾನಾಗಿ ಓಡುವ ಕೆಲಸಗಳ, ಪಟ್ಟಿ ತೆಗೆಯುತ್ತಾರೆ. ಹೆಸರು ಇದೆ. ಎನೇಬಲ್ಡ್ ಅಂತಲೂ ಇದೆ. "ಓಡಿರಬೇಕು" ಅಂತ ಉತ್ತರ ಹೋಗುತ್ತದೆ. ಆದರೆ ಆ ಪಟ್ಟಿ ಹೇಳಿದ್ದು ಜಾಬ್ ಇದೆ ಅಂತ ಮಾತ್ರ. ಓಡಿದ್ದರ ಬಗ್ಗೆ ಅದು ಬಾಯೇ ಬಿಟ್ಟಿಲ್ಲ.

ಷೆಡ್ಯೂಲ್ ಆದ ಕೆಲಸಗಳನ್ನು ನೋಡುವುದು ಅಂದರೆ ಒಂದೇ ಪ್ರಶ್ನೆ ಅಲ್ಲ. ಏನೇನು ನಿಗದಿಯಾಗಿದೆ ಅನ್ನುವುದು ಒಂದು. ಈಗ ಏನು ಓಡುತ್ತಿದೆ ಅನ್ನುವುದು ಇನ್ನೊಂದು. ಓಡಿದ್ದರ ಗತಿ ಏನಾಯಿತು ಅನ್ನುವುದು ಮೂರನೆಯದು. ನಾಲ್ಕನೆಯದೇ ಕಷ್ಟದ್ದು: ಓಡಬೇಕಿತ್ತು, ಓಡಲಿಲ್ಲ, ಎಲ್ಲೂ ಒಂದು ಸಾಲೂ ಬಿದ್ದಿಲ್ಲ. ಇದನ್ನು ಹಿಡಿಯುವುದು ಹೇಗೆ? ಒರಾಕಲ್, ಎಸ್‌ಕ್ಯೂಎಲ್ ಸರ್ವರ್, ಪೋಸ್ಟ್‌ಗ್ರೆಸ್, ಮೈಎಸ್‌ಕ್ಯೂಎಲ್ ನಾಲ್ಕನ್ನೂ ಈ ನಾಲ್ಕು ಪ್ರಶ್ನೆ ಇಟ್ಟುಕೊಂಡೇ ನೋಡೋಣ. ಕೆಲವು ಕಡೆ ಒಂದೇ ಡೇಟಾಬೇಸ್‌ನಲ್ಲಿ ಎರಡು ಮೂರು ದಾರಿಗಳಿವೆ. ಅಲ್ಲಿ ಯಾವುದನ್ನು ಹಿಡಿಯಬೇಕು ಅಂತಲೂ ಹೇಳುತ್ತೇನೆ.

ಟೇಬಲ್, ವ್ಯೂ (ಟೇಬಲ್‌ನಂತೆಯೇ ಕ್ವೆರಿ ಹಾಕಿ ನೋಡಬಹುದಾದದ್ದು), ಕಾಲಂ ಹೆಸರುಗಳನ್ನೆಲ್ಲ ಇಲ್ಲಿ ಕನ್ನಡ ಲಿಪಿಯಲ್ಲೇ ಬರೆದಿದ್ದೇನೆ. ಟೈಪ್ ಮಾಡುವಾಗ ಇಂಗ್ಲಿಷ್ ಅಕ್ಷರ ಬಳಸಿ, ಅಂಡರ್‌ಸ್ಕೋರ್ ಇರುವಲ್ಲಿ ಅದನ್ನೂ ಹಾಕಿ.

ಒರಾಕಲ್: ಹಳೆಯ ಮನೆ, ಹೊಸ ಮನೆ

ಒರಾಕಲ್‌ನಲ್ಲಿ ಎರಡು ಷೆಡ್ಯೂಲರ್‌ಗಳು ಬಹಳ ವರ್ಷ ಅಕ್ಕಪಕ್ಕದಲ್ಲೇ ಇದ್ದವು. ಹಳೆಯದು ಡಿಬಿಎಂಎಸ್_ಜಾಬ್. ಹೊಸದು 10ಜಿ ಆವೃತ್ತಿಯಲ್ಲಿ ಬಂದ ಡಿಬಿಎಂಎಸ್_ಷೆಡ್ಯೂಲರ್. ಹಳೆಯದನ್ನು ನೋಡಲು ಡಿಬಿಎ_ಜಾಬ್ಸ್, ಹೊಸದನ್ನು ನೋಡಲು ಡಿಬಿಎ_ಷೆಡ್ಯೂಲರ್_ಜಾಬ್ಸ್. ಒಂದನ್ನೇ ನೋಡಿ "ಈ ಡೇಟಾಬೇಸ್‌ನಲ್ಲಿ ಜಾಬ್‌ಗಳೇ ಇಲ್ಲ" ಅನ್ನುವವರು ಈಗಲೂ ಸಿಗುತ್ತಾರೆ. ಹಳೆಯ ಸಿಸ್ಟಮ್ ಒಂದು ನಿಮ್ಮ ಕೈಗೆ ಬಂದರೆ ಎರಡನ್ನೂ ನೋಡಿ. ಅರ್ಧ ಆಪ್ಲಿಕೇಶನ್ ಹಳೆಯದರಲ್ಲಿ, ಅರ್ಧ ಹೊಸದರಲ್ಲಿ ಇರುವುದು ತುಂಬಾ ಸಾಮಾನ್ಯ.

ಹಳೆಯದರಲ್ಲಿ ನೋಡಬೇಕಾದ ಕಾಲಂಗಳು ಕೆಲವೇ. ವಾಟ್ ಅನ್ನುವುದು ಏನು ಓಡುತ್ತದೆ ಅಂತ ಹೇಳುತ್ತದೆ. ಲಾಸ್ಟ್_ಡೇಟ್ ಕೊನೆಯ ಸಲ ಸರಿಯಾಗಿ ಓಡಿದ್ದು, ನೆಕ್ಸ್ಟ್_ಡೇಟ್ ಮುಂದಿನ ಸಲ ಓಡುವುದು. ಫೇಲ್ಯೂರ್ಸ್, ಬ್ರೋಕನ್ ಕೂಡ ಇವೆ. ಒಂದು ಜಾಬ್ ಸತತ 16 ಸಲ ಫೇಲ್ ಆದರೆ ಒರಾಕಲ್ ಅದಕ್ಕೆ ಬ್ರೋಕನ್ ಅಂತ ಮುದ್ರೆ ಒತ್ತಿ ಕೈಬಿಡುತ್ತದೆ. ಆಗ ನೆಕ್ಸ್ಟ್_ಡೇಟ್‌ನಲ್ಲಿ 4000ನೇ ಇಸವಿಯ ಜನವರಿ 1 ಕಾಣುತ್ತದೆ. ಅದನ್ನು ನೋಡಿ ತಲೆ ಕೆಡಿಸಿಕೊಳ್ಳಬೇಡಿ, ಇದು ಇನ್ನು ಓಡುವುದಿಲ್ಲ ಅಂತ ಅರ್ಥ. ಯೂಸರ್_ಜಾಬ್ಸ್, ಆಲ್_ಜಾಬ್ಸ್ ಎರಡೂ ಒಂದೇ. ಆಲ್ ಅಂತ ಹೆಸರಿದೆ ಅಂತ ಬೇರೆಯವರ ಜಾಬ್‌ಗಳೂ ಬರುತ್ತವೆ ಅಂದುಕೊಂಡರೆ ಮೋಸ ಹೋಗುತ್ತೀರಿ.

ಹಳೆಯದರ ದೊಡ್ಡ ಕೊರತೆ ಚರಿತ್ರೆ. ಕೊನೆಯ ಓಟದ ಗುರುತು ಮಾತ್ರ ಉಳಿಯುತ್ತದೆ. ಕಳೆದ ಮಂಗಳವಾರ ಎಷ್ಟು ಹೊತ್ತು ಹಿಡಿಯಿತು ಅಂತ ಕೇಳಿದರೆ ಉತ್ತರ ಇಲ್ಲ. ಫೇಲ್ ಆದದ್ದು ಯಾಕೆ ಅಂತ ತಿಳಿಯಲು ಅಲರ್ಟ್ ಲಾಗ್, ಟ್ರೇಸ್ ಫೈಲ್ ಹುಡುಕಬೇಕು. ಡಿಬಿಎಂಎಸ್_ಜಾಬ್ ಇನ್ನು ಬೇಡ ಅಂತ ಒರಾಕಲ್ 12.2ರಲ್ಲೇ ಹೇಳಿತು. 19ಸಿ ಅಪ್‌ಗ್ರೇಡ್‌ನಲ್ಲಿ ಹಳೆಯ ಜಾಬ್‌ಗಳು ಒಳಗಿಂದ ಹೊಸ ಷೆಡ್ಯೂಲರ್‌ಗೇ ಬದಲಾಗುತ್ತವೆ. ಹೊಸ ವ್ಯೂನಲ್ಲಿ ಅವು ಡಿಬಿಎಂಎಸ್_ಜಾಬ್$_ ಅಂತ ಶುರುವಾಗಿ ಒಂದು ನಂಬರ್ ಅಂಟಿಸಿಕೊಂಡ ಹೆಸರಲ್ಲಿ ಕಾಣುತ್ತವೆ. ಅಂಥ ಹೆಸರು ಕಂಡರೆ "ಇದನ್ಯಾರಪ್ಪಾ ಮಾಡಿದ್ದು" ಅಂತ ಡ್ರಾಪ್ ಮಾಡಲು ಹೋಗಬೇಡಿ. ಅದು ನಿಮ್ಮ ಹಳೆಯ ಜಾಬೇ.

ಈಗ ಹೊಸದಕ್ಕೆ ಬರೋಣ. ಡಿಬಿಎ_ಷೆಡ್ಯೂಲರ್_ಜಾಬ್ಸ್‌ನಲ್ಲಿ ಎನೇಬಲ್ಡ್, ಸ್ಟೇಟ್, ರಿಪೀಟ್_ಇಂಟರ್ವಲ್, ರನ್_ಕೌಂಟ್, ಫೇಲ್ಯೂರ್_ಕೌಂಟ್, ಲಾಸ್ಟ್_ಸ್ಟಾರ್ಟ್_ಡೇಟ್, ನೆಕ್ಸ್ಟ್_ರನ್_ಡೇಟ್ ಎಲ್ಲವೂ ಇವೆ. ನೋಡಲು ಸಂಪೂರ್ಣ ಅನ್ನಿಸುತ್ತದೆ. ಇಲ್ಲೇ ಒಂದು ಬಲೆ ಇದೆ. ಪದೇ ಪದೇ ಓಡುವ ಜಾಬ್ ನಿನ್ನೆ ರಾತ್ರಿ ಫೇಲ್ ಆಗಿದ್ದರೂ ಅದರ ಸ್ಟೇಟ್ ಮತ್ತೆ ಷೆಡ್ಯೂಲ್ಡ್ ಅಂತಲೇ ಆಗುತ್ತದೆ. ಮುಂದಿನ ಓಟಕ್ಕೆ ತಯಾರಿದೆ, ಅಷ್ಟೇ. ಹಾಗಾಗಿ ಸ್ಟೇಟ್ ನೋಡಿ ನೆಮ್ಮದಿಯಾಗಬೇಡಿ. ಆ ವ್ಯೂನಲ್ಲೇ ಸುಳಿವು ಬೇಕು ಅಂದರೆ ಫೇಲ್ಯೂರ್_ಕೌಂಟ್ ನಿನ್ನೆಗಿಂತ ಏರಿದೆಯಾ ನೋಡಿ.

ಇನ್ನೊಂದು ಬಲೆ ಆಟೋ_ಡ್ರಾಪ್. ಒಂದೇ ಸಲ ಓಡುವ ಜಾಬ್ ಮುಗಿದ ಮೇಲೆ ಪಟ್ಟಿಯಿಂದಲೇ ಮಾಯವಾಗುತ್ತದೆ, ಯಾಕೆಂದರೆ ಆಟೋ_ಡ್ರಾಪ್ ಡಿಫಾಲ್ಟ್ ಆಗಿ ಟ್ರೂ. "ನಿನ್ನೆ ನಾನೇ ಹಾಕಿದ್ದೆ, ಇವತ್ತು ಇಲ್ಲ" ಅನ್ನುವ ದೂರಿನ ಹಿಂದೆ ಸಾಮಾನ್ಯವಾಗಿ ಇದೇ ಇರುತ್ತದೆ.

ಒರಾಕಲ್‌ನಲ್ಲಿ ನನ್ನ ಮೊದಲ ಆಯ್ಕೆ ಡಿಬಿಎ_ಷೆಡ್ಯೂಲರ್_ಜಾಬ್_ರನ್_ಡೀಟೇಲ್ಸ್. ಒಂದು ಓಟಕ್ಕೆ ಒಂದು ಸಾಲು. ಸ್ಟೇಟಸ್, ಎರರ್ ನಂಬರ್, ಎಷ್ಟು ಹೊತ್ತು ಓಡಿತು, ಎಷ್ಟು ಸಿಪಿಯು ತಿಂದಿತು, ಯಾವ ಸೆಷನ್ ಎಲ್ಲ ಇರುತ್ತದೆ. ಅಡಿಷನಲ್_ಇನ್ಫೋ ಕಾಲಂನಲ್ಲಿ ಎರರ್‌ನ ಪೂರ್ತಿ ಮಾತು ಸಿಗುತ್ತದೆ. ನಾನು ತುಂಬಾ ಇಷ್ಟಪಡುವ ಜೋಡಿ ರಿಕ್ವ್_ಸ್ಟಾರ್ಟ್_ಡೇಟ್ ಮತ್ತು ಆಕ್ಚುಯಲ್_ಸ್ಟಾರ್ಟ್_ಡೇಟ್. ಒಂದು ಓಡಬೇಕಿದ್ದ ಹೊತ್ತು, ಇನ್ನೊಂದು ನಿಜವಾಗಿ ಓಡಿದ ಹೊತ್ತು. ಎರಡರ ನಡುವಿನ ಅಂತರ ದಿನದಿಂದ ದಿನಕ್ಕೆ ಬೆಳೆಯುತ್ತಿದ್ದರೆ ಜಾಬ್‌ಗಳು ಸಾಲಿನಲ್ಲಿ ಕಾಯುತ್ತಿವೆ ಅಂತ ಗೊತ್ತಾಗುತ್ತದೆ. ಉಳಿದ ಮೂರು ಡೇಟಾಬೇಸ್‌ಗಳಲ್ಲಿ ಇದು ಇಷ್ಟು ಸುಲಭವಾಗಿ ಸಿಗುವುದಿಲ್ಲ.

ಜಾಬ್_ಲಾಗ್ ಅನ್ನುವ ಇನ್ನೊಂದು ವ್ಯೂ ಇದೆಯಲ್ಲ, ಅದು ಯಾಕೆ? ಅಲ್ಲಿ ಆಪರೇಷನ್ ಅನ್ನುವ ಕಾಲಂ ಇದೆ. ಓಟ ಮಾತ್ರವಲ್ಲ, ಜಾಬ್ ಮಾಡಿದ್ದು, ಬದಲಿಸಿದ್ದು, ಡಿಸೇಬಲ್ ಮಾಡಿದ್ದು ಕೂಡ ಅಲ್ಲಿ ಬರಬಹುದು. ಆದರೆ ಅದಕ್ಕೆ ಲಾಗಿಂಗ್ ಲೆವೆಲ್ ಫುಲ್ ಆಗಿರಬೇಕು. ಡಿಫಾಲ್ಟ್ ಜಾಬ್ ಕ್ಲಾಸ್‌ನಲ್ಲಿ (ಜಾಬ್‌ಗಳನ್ನು ಸೇರಿಸುವ ಗುಂಪು) ಓಟಗಳು ಮಾತ್ರ ದಾಖಲಾಗುತ್ತವೆ. ಜಾಬ್ ಡಿಸೇಬಲ್ ಆದದ್ದು ಯಾವಾಗ ಅಂತ ಜಗಳ ಶುರುವಾದ ಮೇಲೆ ಲೆವೆಲ್ ಏರಿಸಿ ಏನು ಪ್ರಯೋಜನ? ಮುಖ್ಯ ಜಾಬ್‌ಗಳಿಗಾದರೂ ಮೊದಲೇ ಏರಿಸಿಟ್ಟುಕೊಳ್ಳಿ.

ಈ ಎರಡೂ ಲಾಗ್‌ಗಳು ಡಿಫಾಲ್ಟ್ ಆಗಿ 30 ದಿನ ಉಳಿಯುತ್ತವೆ. ಆಮೇಲೆ ಪರ್ಜ್_ಲಾಗ್ ಅನ್ನುವ ಜಾಬ್ ಗುಡಿಸಿ ಹಾಕುತ್ತದೆ. ತಿಂಗಳ ಕೊನೆಯ ಜಾಬ್ ಕಳೆದ ಮೂರು ತಿಂಗಳು ಹೇಗೆ ಓಡಿತು ಅಂತ ಹೋಲಿಸಬೇಕಾದವರಿಗೆ ಇದು ಸಾಲದು. ಉಳಿಸುವ ದಿನಗಳನ್ನು ಹೆಚ್ಚಿಸಿ.

ಈಗ ಓಡುತ್ತಿರುವುದಕ್ಕೆ ಡಿಬಿಎ_ಷೆಡ್ಯೂಲರ್_ರನ್ನಿಂಗ್_ಜಾಬ್ಸ್. ಅದರಲ್ಲಿನ ಸೆಷನ್ ನಂಬರ್ ಹಿಡಿದು ವಿ$ಸೆಷನ್‌ಗೆ ಹೋದರೆ ಅದು ಯಾವುದಕ್ಕೆ ಕಾಯುತ್ತಿದೆ ಅಂತ ತಿಳಿಯುತ್ತದೆ. 12ಸಿಯಿಂದ ಬಂದ ಮಲ್ಟಿಟೆನೆಂಟ್ (ಒಂದು ದೊಡ್ಡ ಡೇಟಾಬೇಸ್ ಒಳಗೆ ಪಿಡಿಬಿ ಅನ್ನುವ ಹಲವು ಚಿಕ್ಕ ಡೇಟಾಬೇಸ್) ಇದ್ದರೆ ಎಲ್ಲಕ್ಕೂ ಮೇಲಿನ ರೂಟ್‌ನಲ್ಲಿ ನಿಂತು ಸಿಡಿಬಿ_ ಅಂತ ಶುರುವಾಗುವ ವ್ಯೂ ಬಳಸಿ. ಎಲ್ಲ ಪಿಡಿಬಿಗಳ ಜಾಬ್‌ಗಳೂ ಒಟ್ಟಿಗೆ ಬರುತ್ತವೆ, ಕಾನ್_ಐಡಿ ನೋಡಿ ಯಾವುದು ಎಲ್ಲಿಯದು ಅಂತ ಗುರುತಿಸಬಹುದು. ರೂಟ್‌ನಲ್ಲಿ ಇದ್ದುಕೊಂಡು ಡಿಬಿಎ_ ವ್ಯೂ ತೆಗೆದರೆ ನಿಮ್ಮ ಆಪ್ಲಿಕೇಶನ್‌ನ ಒಂದು ಜಾಬೂ ಕಾಣದೇ ಇರಬಹುದು.

ಎಲ್ಲ ಸರಿ, ಆದರೂ ಯಾವುದೂ ಓಡುತ್ತಿಲ್ಲ? ಜಾಬ್_ಕ್ಯೂ_ಪ್ರೋಸೆಸಸ್ ಪ್ಯಾರಾಮೀಟರ್ 0 ಇದೆಯಾ ನೋಡಿ. ಅಪ್‌ಗ್ರೇಡ್, ಮೈಗ್ರೇಷನ್ ಹೊತ್ತಿನಲ್ಲಿ ಜಾಬ್ ಓಡಬಾರದು ಅಂತ ಸೊನ್ನೆ ಮಾಡುತ್ತಾರೆ, ಮತ್ತೆ ಏರಿಸುವುದನ್ನು ಮರೆಯುತ್ತಾರೆ. ಆಗ ಪಟ್ಟಿಯಲ್ಲಿ ಎನೇಬಲ್ಡ್, ಲಾಗ್‌ನಲ್ಲಿ ಮೌನ.

ಎಸ್‌ಕ್ಯೂಎಲ್ ಸರ್ವರ್: ನೋಡಲು ಸುಲಭ, ಓದಲು ಕಷ್ಟ

ಮೌಸ್ ಹಿಡಿದು ಕೆಲಸ ಮಾಡುವವರಿಗೆ ಇದರಷ್ಟು ಸಲೀಸು ಇನ್ನೊಂದಿಲ್ಲ. ಮ್ಯಾನೇಜ್‌ಮೆಂಟ್ ಸ್ಟುಡಿಯೋದಲ್ಲಿ ಎಸ್‌ಕ್ಯೂಎಲ್ ಸರ್ವರ್ ಏಜೆಂಟ್ ಕೆಳಗೆ ಜಾಬ್ ಆಕ್ಟಿವಿಟಿ ಮಾನಿಟರ್ ತೆರೆದರೆ ಕೊನೆಯ ಓಟ, ಅದರ ಫಲಿತಾಂಶ, ಮುಂದಿನ ಓಟ ಒಂದೇ ಪರದೆಯಲ್ಲಿ ಕಾಣುತ್ತವೆ. ದಿನಕ್ಕೊಮ್ಮೆ ಕಣ್ಣು ಹಾಯಿಸಲು ಅದು ಸಾಕು.

ಕ್ವೆರಿ ಬರೆಯಲು ಕೂತಾಗ ಕಿರಿಕಿರಿ ಶುರು. ಎಲ್ಲವೂ ಎಂಎಸ್‌ಡಿಬಿ ಡೇಟಾಬೇಸ್‌ನಲ್ಲಿದೆ: ಸಿಸ್‌ಜಾಬ್ಸ್, ಸಿಸ್‌ಜಾಬ್‌ಸ್ಟೆಪ್ಸ್, ಸಿಸ್‌ಷೆಡ್ಯೂಲ್ಸ್, ಸಿಸ್‌ಜಾಬ್‌ಹಿಸ್ಟರಿ, ಸಿಸ್‌ಜಾಬ್‌ಆಕ್ಟಿವಿಟಿ. ಹಿಸ್ಟರಿಯಲ್ಲಿ ದಿನಾಂಕ ಒಂದು ಪೂರ್ಣಾಂಕ, ಹೊತ್ತು ಇನ್ನೊಂದು ಪೂರ್ಣಾಂಕ. ರಾತ್ರಿ 12 ಗಂಟೆ 5 ನಿಮಿಷ ಅಂದರೆ 000500, ಮುಂದಿನ ಸೊನ್ನೆಗಳು ಹೋಗಿ ಅಲ್ಲಿ ಸುಮ್ನೆ 500 ಅಂತ ಕಾಣುತ್ತದೆ. ಓಡಿದ ಅವಧಿಯೂ ಹಾಗೇ. 20005 ಅಂದರೆ ಇಪ್ಪತ್ತು ಸಾವಿರ ಸೆಕೆಂಡ್ ಅಲ್ಲ, 2 ಗಂಟೆ 5 ಸೆಕೆಂಡ್. ಇದನ್ನು ನೇರವಾಗಿ ಸರಾಸರಿ ತೆಗೆದು ರಿಪೋರ್ಟ್ ಮಾಡಿದರೆ ಬರುವುದು ಅರ್ಥವಿಲ್ಲದ ಸಂಖ್ಯೆ. ಮೊದಲು ಗಂಟೆ, ನಿಮಿಷ, ಸೆಕೆಂಡ್ ಬಿಡಿಸಿಕೊಳ್ಳಿ.

ರನ್_ಸ್ಟೇಟಸ್‌ನಲ್ಲಿ 0 ಫೇಲ್, 1 ಪಾಸ್, 2 ಮರುಪ್ರಯತ್ನ, 3 ರದ್ದು. ಸ್ಟೆಪ್_ಐಡಿ 0 ಇರುವ ಸಾಲು ಇಡೀ ಜಾಬ್‌ನ ಫಲಿತಾಂಶ. ಹೆಚ್ಚಿನವರು ಆ ಸಾಲನ್ನೇ ನೋಡಿ ಬಿಡುತ್ತಾರೆ. ಅದು ಸಾಲದು. ನಡುವಿನ ಸ್ಟೆಪ್‌ಗೆ "ಫೇಲ್ ಆದರೂ ಮುಂದಕ್ಕೆ ಹೋಗು" ಅಂತ ಹೇಳಿಟ್ಟಿದ್ದರೆ, ಆ ಸ್ಟೆಪ್ ಬಿದ್ದರೂ ಕೊನೆಯದು ಸರಿಯಾಗಿದ್ದರೆ ಇಡೀ ಜಾಬ್ ಪಾಸ್ ಅಂತಲೇ ಬರುತ್ತದೆ. ಬ್ಯಾಕಪ್ ಸ್ಟೆಪ್ ಬಿದ್ದು, ಹಳೆಯ ಫೈಲ್ ಅಳಿಸುವ ಸ್ಟೆಪ್ ಗೆದ್ದರೆ ಏನಾಗುತ್ತದೆ ಅಂತ ನೀವೇ ಯೋಚಿಸಿ. ಸ್ಟೆಪ್‌ಗಳ ಸಾಲುಗಳನ್ನೂ ತೆಗೆದು ನೋಡಿ.

ಹಿಸ್ಟರಿ ಎಷ್ಟು ಉಳಿಯುತ್ತದೆ ಅನ್ನುವುದು ದೊಡ್ಡ ತಕರಾರು. ಡಿಫಾಲ್ಟ್ ಮಿತಿ ಒಟ್ಟು 1000 ಸಾಲು, ಒಂದು ಜಾಬ್‌ಗೆ 100. ದಿನಗಳ ಲೆಕ್ಕವಲ್ಲ, ಸಾಲುಗಳ ಲೆಕ್ಕ. ನಿಮಿಷಕ್ಕೊಮ್ಮೆ ಓಡುವ ಒಂದು ಸ್ಟೆಪ್‌ನ ಜಾಬ್ ಒಂದು ಓಟಕ್ಕೆ ಎರಡು ಸಾಲು ಬರೆಯುತ್ತದೆ. ಒಂದು ಗಂಟೆಯೊಳಗೇ ಅದರ 100 ಸಾಲು ಮುಗಿಯಿತು. ಅಂಥ ಜಾಬ್‌ಗಳು ಹತ್ತಿದ್ದರೆ ವಾರಕ್ಕೊಮ್ಮೆ ಓಡುವ ಪಾಪದ ಜಾಬ್‌ನ ಚರಿತ್ರೆಯೂ ಅವುಗಳ ನೂಕುನುಗ್ಗಲಿನಲ್ಲಿ ಹೊರಗೆ ಹೋಗುತ್ತದೆ. ಸರ್ವರ್ ಕೈಗೆ ಬಂದ ದಿನವೇ ಈ ಮಿತಿ ಏರಿಸಿ.

ಈಗ ಓಡುತ್ತಿರುವುದನ್ನು ಸಿಸ್‌ಜಾಬ್‌ಆಕ್ಟಿವಿಟಿಯಲ್ಲಿ ನೋಡುವಾಗ ಒಂದು ಎಚ್ಚರಿಕೆ. ಏಜೆಂಟ್ ಪ್ರತಿ ಸಲ ಶುರುವಾದಾಗ ಹೊಸ ಸೆಷನ್ ಐಡಿ ತೆಗೆದುಕೊಳ್ಳುತ್ತದೆ. ಹಳೆಯ ಸೆಷನ್‌ನ ಸಾಲುಗಳು ಹಾಗೇ ಉಳಿಯುತ್ತವೆ. ಸರ್ವರ್ ಧುತ್ತನೆ ಬಿದ್ದಾಗ ಓಡುತ್ತಿದ್ದ ಜಾಬ್‌ಗೆ ಮುಗಿದ ಹೊತ್ತು ಬಿದ್ದಿರುವುದಿಲ್ಲ. ಎಲ್ಲ ಸಾಲುಗಳನ್ನೂ ನೋಡಿದರೆ ಅದು ತಿಂಗಳುಗಟ್ಟಲೆ ಓಡುತ್ತಿರುವಂತೆ ಕಾಣುತ್ತದೆ. ಸಿಸ್‌ಸೆಷನ್ಸ್‌ನಿಂದ ಕೊನೆಯ ಸೆಷನ್ ತೆಗೆದುಕೊಂಡು ಅದಕ್ಕೆ ಮಾತ್ರ ಫಿಲ್ಟರ್ ಹಾಕಿ. ಸಿಸ್‌ಜಾಬ್‌ಷೆಡ್ಯೂಲ್ಸ್‌ನಲ್ಲಿರುವ ಮುಂದಿನ ಓಟದ ಹೊತ್ತು 20 ನಿಮಿಷಕ್ಕೊಮ್ಮೆ ಮಾತ್ರ ತಾಜಾ ಆಗುತ್ತದೆ. ಷೆಡ್ಯೂಲ್ ಬದಲಿಸಿದ ಕೂಡಲೇ ಅಲ್ಲಿ ಹಳೆಯದೇ ಕಂಡರೆ ಗಾಬರಿ ಬೇಡ.

ಬೇರೆಯವರ ಜಾಬ್ ನೋಡಬೇಕಾದರೆ ಪೂರ್ತಿ ಅಧಿಕಾರ ಕೊಡುವ ಸಿಸ್‌ಅಡ್ಮಿನ್ ಕೇಳಬೇಡಿ, ಎಸ್‌ಕ್ಯೂಎಲ್‌ಏಜೆಂಟ್‌ರೀಡರ್‌ರೋಲ್ ಸಾಕು. ಎಕ್ಸ್‌ಪ್ರೆಸ್ ಎಡಿಷನ್‌ನಲ್ಲಿ ಏಜೆಂಟ್ ಇಲ್ಲ. ಅಲ್ಲಿ ಜನ ವಿಂಡೋಸ್ ಟಾಸ್ಕ್ ಷೆಡ್ಯೂಲರ್‌ನಲ್ಲಿ ಹಾಕಿರುತ್ತಾರೆ, ಡೇಟಾಬೇಸ್ ಒಳಗೆ ಎಷ್ಟು ಹುಡುಕಿದರೂ ಸಿಗುವುದಿಲ್ಲ. ಅಜೂರ್ ಎಸ್‌ಕ್ಯೂಎಲ್ ಡೇಟಾಬೇಸ್‌ನಲ್ಲೂ ಏಜೆಂಟ್ ಇಲ್ಲ, ಮ್ಯಾನೇಜ್ಡ್ ಇನ್‌ಸ್ಟನ್ಸ್‌ನಲ್ಲಿ ಇದೆ.

ಪೋಸ್ಟ್‌ಗ್ರೆಸ್: ಮೊದಲು ಯಾವ ಷೆಡ್ಯೂಲರ್ ಅಂತ ಕೇಳಿ

ಪೋಸ್ಟ್‌ಗ್ರೆಸ್ ಒಳಗೆ ಷೆಡ್ಯೂಲರ್ ಹುಟ್ಟಿನಿಂದ ಬಂದಿಲ್ಲ. ಹಾಗಾಗಿ ಇಲ್ಲಿ ಎಲ್ಲಿ ನೋಡಬೇಕು ಅನ್ನುವುದಕ್ಕಿಂತ ಮೊದಲು ಯಾವುದರಲ್ಲಿ ಹಾಕಿದ್ದಾರೆ ಅಂತ ತಿಳಿಯಬೇಕು. ಸಾಮಾನ್ಯವಾಗಿ ಮೂರರಲ್ಲಿ ಒಂದು: ಪಿಜಿ_ಕ್ರಾನ್, ಪಿಜಿಏಜೆಂಟ್, ಅಥವಾ ಲಿನಕ್ಸ್‌ನ ಕ್ರಾನ್‌ಟ್ಯಾಬ್ (ಆಪರೇಟಿಂಗ್ ಸಿಸ್ಟಮ್‌ನದೇ ಷೆಡ್ಯೂಲ್ ಪಟ್ಟಿ). ಕೊನೆಯದಾದರೆ ಡೇಟಾಬೇಸ್‌ಗೆ ಏನೂ ಗೊತ್ತಿರುವುದಿಲ್ಲ. ಯಾವ ಯೂಸರ್‌ನ ಕ್ರಾನ್‌ಟ್ಯಾಬ್‌ನಲ್ಲಿದೆ ಅಂತ ಸರ್ವರ್‌ಗೆ ಹೋಗಿಯೇ ಹುಡುಕಬೇಕು.

ಪಿಜಿ_ಕ್ರಾನ್ ಸಿಟಸ್ ಡೇಟಾ ಕಂಪನಿಯಿಂದ ಬಂದದ್ದು. ಆ ಕಂಪನಿಯನ್ನು 2019ರಲ್ಲಿ ಮೈಕ್ರೋಸಾಫ್ಟ್ ಕೊಂಡಿತು. ಕ್ಲೌಡ್‌ನಲ್ಲಿ ಪೋಸ್ಟ್‌ಗ್ರೆಸ್ ಇಟ್ಟವರು ಹೆಚ್ಚಾಗಿ ಇದನ್ನೇ ಬಳಸುತ್ತಾರೆ. ನೋಡಲು ಎರಡೇ ಟೇಬಲ್: ಕ್ರಾನ್.ಜಾಬ್ ಮತ್ತು ಕ್ರಾನ್.ಜಾಬ್_ರನ್_ಡೀಟೇಲ್ಸ್. ಮೊದಲನೆಯದು ಪಟ್ಟಿ, ಎರಡನೆಯದು ಚರಿತ್ರೆ. ಚರಿತ್ರೆಯಲ್ಲಿ ಸ್ಟೇಟಸ್, ಶುರು, ಮುಕ್ತಾಯ, ಜೊತೆಗೆ ರಿಟರ್ನ್_ಮೆಸೇಜ್ ಇದೆ. ಡಿಲೀಟ್ ಓಡಿಸಿದರೆ ಎಷ್ಟು ಸಾಲು ಅಳಿಸಿತು ಅಂತ ಅಲ್ಲೇ ಬರುತ್ತದೆ. ಇದು ಚಿಕ್ಕದಾಗಿ ಕಂಡರೂ ಬಹಳ ಉಪಯೋಗಿ. ದಿನಾ ಸಾವಿರಾರು ಸಾಲು ಅಳಿಸುತ್ತಿದ್ದ ಜಾಬ್ ಇವತ್ತು 0 ಅಂದರೆ ಅದು ಪಾಸ್ ಆಗಿದ್ದರೂ ಏನೋ ಎಡವಟ್ಟಾಗಿದೆ. ಸರ್ವರ್ ರೀಸ್ಟಾರ್ಟ್ ಆದಾಗ ಅರ್ಧಕ್ಕೆ ನಿಂತ ಓಟಗಳನ್ನು ಪಿಜಿ_ಕ್ರಾನ್ ಫೇಲ್ ಅಂತ ಗುರುತು ಮಾಡುತ್ತದೆ. ಎಸ್‌ಕ್ಯೂಎಲ್ ಸರ್ವರ್‌ನ ಹಾಗೆ ದೆವ್ವದ ಸಾಲುಗಳು ಉಳಿಯುವುದಿಲ್ಲ.

ತೊಂದರೆಗಳೂ ಇವೆ. ಮೊದಲನೆಯದು, ಈ ಟೇಬಲ್‌ಗಳು ಒಂದೇ ಡೇಟಾಬೇಸ್‌ನಲ್ಲಿರುತ್ತವೆ. ಡಿಫಾಲ್ಟ್ ಆಗಿ ಪೋಸ್ಟ್‌ಗ್ರೆಸ್ ಅನ್ನುವ ಹೆಸರಿನ ಡೇಟಾಬೇಸ್. ನಿಮ್ಮ ಆಪ್ಲಿಕೇಶನ್ ಡೇಟಾಬೇಸ್‌ಗೆ ಕನೆಕ್ಟ್ ಆಗಿ ಹುಡುಕಿದರೆ ಕ್ರಾನ್ ಅನ್ನುವ ಸ್ಕೀಮಾನೇ ಸಿಗುವುದಿಲ್ಲ. ಎರಡನೆಯದು, ಸಾಮಾನ್ಯ ಯೂಸರ್‌ಗೆ ತನ್ನ ಜಾಬ್‌ಗಳು ಮಾತ್ರ ಕಾಣುತ್ತವೆ. ಖಾಲಿ ಪಟ್ಟಿ ಬಂದರೆ ಜಾಬ್ ಇಲ್ಲ ಅಂತಲೇ ಅರ್ಥವಲ್ಲ. ಮೂರನೆಯದು, ಚರಿತ್ರೆ ತಾನಾಗಿ ಅಳಿಯುವುದಿಲ್ಲ. ನಿಮಿಷಕ್ಕೊಮ್ಮೆ ಓಡುವ ಒಂದು ಜಾಬ್ ವರ್ಷಕ್ಕೆ ಐದು ಲಕ್ಷಕ್ಕೂ ಜಾಸ್ತಿ ಸಾಲು ಸೇರಿಸುತ್ತದೆ. ಹಳೆಯದನ್ನು ಅಳಿಸಲು ಪಿಜಿ_ಕ್ರಾನ್‌ನಲ್ಲೇ ಒಂದು ಜಾಬ್ ಹಾಕಿ. ಮುಂದಿನ ಓಟದ ಹೊತ್ತು ಹೇಳುವ ಕಾಲಂ ಇಲ್ಲ, ಕ್ರಾನ್ ಸಾಲನ್ನು ಓದಿ ನೀವೇ ಲೆಕ್ಕ ಹಾಕಬೇಕು.

ಪಿಜಿಏಜೆಂಟ್ ಪಿಜಿಅಡ್ಮಿನ್ ಕುಟುಂಬದ್ದು. ಪಿಜಿಅಡ್ಮಿನ್‌ನಲ್ಲೇ ಜಾಬ್‌ಗಳನ್ನು ನೋಡಬಹುದು. ಟೇಬಲ್‌ಗಳು ಪಿಜಿಏಜೆಂಟ್ ಸ್ಕೀಮಾದಲ್ಲಿ: ಪಿಜಿಎ_ಜಾಬ್, ಪಿಜಿಎ_ಜಾಬ್‌ಲಾಗ್, ಪಿಜಿಎ_ಜಾಬ್‌ಸ್ಟೆಪ್‌ಲಾಗ್. ಇಲ್ಲಿ ಜಾಬ್‌ನೆಕ್ಸ್ಟ್‌ರನ್ ಅನ್ನುವ ಕಾಲಂ ಇದೆ, ಸ್ಟೆಪ್‌ಗಳೂ ಇವೆ, ಶೆಲ್ ಸ್ಕ್ರಿಪ್ಟ್ ಕೂಡ ಓಡಿಸಬಹುದು. ಆದರೆ ಅದು ಪ್ರತ್ಯೇಕ ಪ್ರೋಗ್ರಾಂ. ಅದು ಸತ್ತು ಬಿದ್ದರೆ ಡೇಟಾಬೇಸ್ ಆರಾಮಾಗಿ ನಡೆಯುತ್ತಲೇ ಇರುತ್ತದೆ, ಜಾಬ್ ಮಾತ್ರ ಓಡುವುದಿಲ್ಲ. ಸ್ಟೆಪ್‌ಗಳು, ಶೆಲ್ ಬೇಕೇ ಬೇಕು ಅನ್ನುವವರಿಗೆ ಪಿಜಿಏಜೆಂಟ್. ಉಳಿದವರಿಗೆ ನಾನು ಪಿಜಿ_ಕ್ರಾನ್ ಅನ್ನೇ ಹೇಳುತ್ತೇನೆ.

ಮೈಎಸ್‌ಕ್ಯೂಎಲ್: ಪಟ್ಟಿ ಇದೆ, ನೆನಪಿಲ್ಲ

ಮೈಎಸ್‌ಕ್ಯೂಎಲ್‌ನಲ್ಲಿ ಇವನ್ನು ಇವೆಂಟ್ ಅನ್ನುತ್ತಾರೆ. 5.1 ಆವೃತ್ತಿಯಿಂದ ಇವೆ. ಶೋ ಇವೆಂಟ್ಸ್ ಅಂದರೆ ಈಗಿರುವ ಸ್ಕೀಮಾದ್ದು ಮಾತ್ರ ಬರುತ್ತದೆ. ಎಲ್ಲವನ್ನೂ ನೋಡಲು ಇನ್ಫರ್ಮೇಷನ್_ಸ್ಕೀಮಾದ ಇವೆಂಟ್ಸ್ ಟೇಬಲ್ ಬಳಸಿ. ಎರಡರ ನಡುವೆ ಆಯ್ಕೆ ಕೇಳಿದರೆ ಎರಡನೆಯದೇ, ಯಾಕೆಂದರೆ ಲಾಸ್ಟ್_ಎಕ್ಸಿಕ್ಯೂಟೆಡ್ ಅಲ್ಲಿದೆ. ಹಳೆಯ ಲೇಖನಗಳಲ್ಲಿ ಮೈಎಸ್‌ಕ್ಯೂಎಲ್.ಇವೆಂಟ್ ಟೇಬಲ್ ನೋಡಿ ಅಂತ ಇರುತ್ತದೆ. 8.0ರಲ್ಲಿ ಅದು ಇಲ್ಲ.

ಆದರೆ ಲಾಸ್ಟ್_ಎಕ್ಸಿಕ್ಯೂಟೆಡ್ ಹೇಳುವುದು ಶುರುವಾದ ಹೊತ್ತು. ಮುಗಿಯಿತಾ, ಎಡವಿತಾ, ಅದಕ್ಕೆ ಗೊತ್ತಿಲ್ಲ. ಓಟಗಳ ಚರಿತ್ರೆಯ ಟೇಬಲ್ಲೇ ಇಲ್ಲ. ಎರರ್ ಬಂದರೆ ಸರ್ವರ್‌ನ ಎರರ್ ಲಾಗ್‌ಗೆ ಹೋಗುತ್ತದೆ. ಪರ್ಫಾರ್ಮೆನ್ಸ್ ಸ್ಕೀಮಾದಲ್ಲಿ ಇವೆಂಟ್ಸ್_ಸ್ಟೇಟ್‌ಮೆಂಟ್ಸ್_ಸಮ್ಮರಿ_ಬೈ_ಪ್ರೋಗ್ರಾಂ ಅನ್ನುವ ಉದ್ದ ಹೆಸರಿನ ಟೇಬಲ್ ಇದೆ. ಅಲ್ಲಿ ಒಂದೊಂದು ಇವೆಂಟ್ ಎಷ್ಟು ಸಲ ಓಡಿತು, ಒಟ್ಟು ಎಷ್ಟು ಹೊತ್ತು ಹಿಡಿಯಿತು, ಎಷ್ಟು ಎರರ್ ಬಂತು ಅಂತ ಕೂಡಿಟ್ಟ ಲೆಕ್ಕ ಸಿಗುತ್ತದೆ. ಸರ್ವರ್ ರೀಸ್ಟಾರ್ಟ್ ಆದರೆ ಅದೂ ಹೋಯಿತು. ಏನೂ ಇಲ್ಲದ್ದಕ್ಕಿಂತ ಮೇಲು, ಅಲ್ವಾ?

ಸ್ಟೇಟಸ್ ಎನೇಬಲ್ಡ್ ಅಂತ ಇದ್ದರೂ ಷೆಡ್ಯೂಲರ್ರೇ ಆಫ್ ಇರಬಹುದು. ಇವೆಂಟ್_ಷೆಡ್ಯೂಲರ್ ವೇರಿಯಬಲ್ 5.7ರಲ್ಲಿ ಡಿಫಾಲ್ಟ್ ಆಫ್, 8.0ರಿಂದ ಆನ್. ಮೈಎಸ್‌ಕ್ಯೂಎಲ್‌ನಿಂದ ಕವಲೊಡೆದ ಮರಿಯಾಡಿಬಿಯಲ್ಲಿ ಡಿಫಾಲ್ಟ್ ಆಫ್. ಶೋ ಪ್ರೋಸೆಸ್‌ಲಿಸ್ಟ್ ಹಾಕಿದಾಗ ಇವೆಂಟ್_ಷೆಡ್ಯೂಲರ್ ಅನ್ನುವ ಯೂಸರ್ ಕಂಡರೆ ಅದು ಬದುಕಿದೆ.

ಡಂಪ್ ತೆಗೆದು ಬೇರೆ ಸರ್ವರ್‌ಗೆ ಹಾಕಿದ ಮೇಲೆ ಪಟ್ಟಿ ಖಾಲಿ ಇದ್ದರೆ ಆಶ್ಚರ್ಯವಿಲ್ಲ. ಮೈಎಸ್‌ಕ್ಯೂಎಲ್‌ಡಂಪ್‌ಗೆ --ಇವೆಂಟ್ಸ್ ಅಂತ ಬೇರೆಯಾಗಿ ಹೇಳದಿದ್ದರೆ ಅದು ಇವೆಂಟ್‌ಗಳನ್ನು ತರುವುದಿಲ್ಲ. ಇನ್ನೊಂದು ವಿಷಯ: ಹಿಂದಿನ ಓಟ ಮುಗಿಯುವ ಮೊದಲೇ ಮುಂದಿನ ಹೊತ್ತು ಬಂದರೆ ಮೈಎಸ್‌ಕ್ಯೂಎಲ್ ಎರಡನ್ನೂ ಒಟ್ಟಿಗೆ ಓಡಿಸುತ್ತದೆ. ಪಿಜಿ_ಕ್ರಾನ್ ಹಾಗಲ್ಲ, ಒಂದು ಜಾಬ್‌ನ ಒಂದೇ ಓಟ, ಮುಂದಿನದು ಕಾಯುತ್ತದೆ. ಪ್ರೋಸೆಸ್‌ಲಿಸ್ಟ್‌ನಲ್ಲಿ ಒಂದೇ ಇವೆಂಟ್‌ನ ಕ್ವೆರಿ ಎರಡು ಮೂರು ಸಲ ಕಂಡರೆ ಕಾರಣ ಇದು. ಗೆಟ್_ಲಾಕ್ ಅನ್ನುವ ಫಂಕ್ಷನ್ ಬಳಸಿ ತಡೆಯಿರಿ.

ಐದೂವರೆ ಗಂಟೆಯ ಗೊಂದಲ

ಬೆಂಗಳೂರಿನಲ್ಲಿ ಕೂತು ಬೇರೆ ದೇಶದ ಸರ್ವರ್ ನೋಡಿಕೊಳ್ಳುವವರಿಗೆ ಇದು ದಿನನಿತ್ಯದ ಗೋಳು. ಪಿಜಿ_ಕ್ರಾನ್‌ನ ಷೆಡ್ಯೂಲ್ ಡಿಫಾಲ್ಟ್ ಆಗಿ ಜಿಎಂಟಿ. ನಮ್ಮ ರಾತ್ರಿ 2:30ಕ್ಕೆ ಓಡಬೇಕು ಅಂದರೆ ಬರೆಯಬೇಕಾದದ್ದು "0 21 * * *". ದಿನಾ ಓಡುವುದಾದರೆ ತೊಂದರೆಯಿಲ್ಲ. ಸೋಮವಾರ ಮಾತ್ರ ಅಂದರೆ? ನಮ್ಮ ಸೋಮವಾರ ನಸುಕು ಅಲ್ಲಿ ಭಾನುವಾರ ರಾತ್ರಿ, ಹಾಗಾಗಿ ಕೊನೆಯಲ್ಲಿ, ವಾರದ ದಿನದ ಜಾಗದಲ್ಲಿ, ಭಾನುವಾರದ 0 ಹಾಕಬೇಕು, 1 ಅಲ್ಲ. ತಿಂಗಳ 1ನೇ ತಾರೀಕು ಅಂದರೆ ಅಲ್ಲಿ ಹಿಂದಿನ ತಿಂಗಳ ಕೊನೆಯ ದಿನ. ಗೊಂದಲ ಹೆಚ್ಚಿಸಲು, ಚರಿತ್ರೆಯ ಟೇಬಲ್‌ನಲ್ಲಿ ಶುರುವಾದ ಹೊತ್ತು ನಿಮ್ಮ ಸೆಷನ್‌ನ ಟೈಮ್‌ಝೋನ್‌ನಲ್ಲಿ ಕಾಣುತ್ತದೆ. ಷೆಡ್ಯೂಲ್ 21 ಅನ್ನುತ್ತದೆ, ಚರಿತ್ರೆ 2:30 ಅನ್ನುತ್ತದೆ, ಎರಡೂ ಸರಿಯೇ. ಹೊಸ ಆವೃತ್ತಿಗಳಲ್ಲಿ ಕ್ರಾನ್.ಟೈಮ್‌ಝೋನ್ ಬದಲಿಸಬಹುದು.

ಮೈಎಸ್‌ಕ್ಯೂಎಲ್ ಇವೆಂಟ್ ಮಾಡಿದಾಗ ನಿಮ್ಮ ಸೆಷನ್‌ನ ಟೈಮ್‌ಝೋನ್ ಏನಿತ್ತೋ ಅದನ್ನೇ ಇವೆಂಟ್‌ಗೆ ಅಂಟಿಸಿಕೊಳ್ಳುತ್ತದೆ. ಒಂದೇ ಸರ್ವರ್‌ನಲ್ಲಿ ಇಬ್ಬರು ಮಾಡಿದ ಇವೆಂಟ್‌ಗಳಿಗೆ ಬೇರೆ ಬೇರೆ ಝೋನ್ ಇರಬಹುದು. ಟೈಮ್_ಝೋನ್ ಕಾಲಂ ನೋಡದೆ ಸ್ಟಾರ್ಟ್ಸ್ ಕಾಲಂ ಓದಬೇಡಿ. ಎಸ್‌ಕ್ಯೂಎಲ್ ಸರ್ವರ್ ಏಜೆಂಟ್‌ಗೆ ಸರ್ವರ್‌ನ ಲೋಕಲ್ ಹೊತ್ತೇ ದೇವರು. ಒರಾಕಲ್‌ನ ಹೊಸ ಷೆಡ್ಯೂಲರ್ ಇಲ್ಲೂ ಮುಂದಿದೆ. ಹೊತ್ತಿನ ಜೊತೆ ಝೋನ್ ಇಟ್ಟುಕೊಳ್ಳುತ್ತದೆ. ಇವ್ಯಾಲ್ಯುಯೇಟ್_ಕ್ಯಾಲೆಂಡರ್_ಸ್ಟ್ರಿಂಗ್ ಬಳಸಿ ಮುಂದಿನ ಓಟಗಳ ತಾರೀಕನ್ನು ಮೊದಲೇ ತೆಗೆದು ನೋಡಬಹುದು. ಜಾಬ್ ಹಾಕುವ ಮುನ್ನ ಎರಡು ನಿಮಿಷ ಇದಕ್ಕೆ ಕೊಡಿ.

ಫೇಲ್‌ಓವರ್ ಆದ ಮರುದಿನ

ಪ್ರೈಮರಿ, ಅಂದರೆ ಮುಖ್ಯ ಸರ್ವರ್, ಬಿದ್ದು ಅದರ ಮೀಸಲು ಪ್ರತಿಯಾದ ಸ್ಟ್ಯಾಂಡ್‌ಬೈ ಅದರ ಜಾಗಕ್ಕೆ ಬಂತು ಅಂದುಕೊಳ್ಳಿ. ಇದೇ ಫೇಲ್‌ಓವರ್. ಪಿಜಿ_ಕ್ರಾನ್ ಸ್ಟ್ಯಾಂಡ್‌ಬೈನಲ್ಲಿ ಸುಮ್ಮನಿದ್ದು, ಅದು ಪ್ರೈಮರಿ ಆದ ಕೂಡಲೇ ತಾನೇ ಓಡಲು ಶುರು ಮಾಡುತ್ತದೆ. ಮೈಎಸ್‌ಕ್ಯೂಎಲ್‌ನಲ್ಲಿ ರೆಪ್ಲಿಕಾಗೆ (ನಕಲು ಸರ್ವರ್‌ಗೆ) ಹೋದ ಇವೆಂಟ್‌ಗಳ ಸ್ಟೇಟಸ್ ಸ್ಲೇವ್‌ಸೈಡ್_ಡಿಸೇಬಲ್ಡ್ (ಹೊಸ ಆವೃತ್ತಿಗಳಲ್ಲಿ ರೆಪ್ಲಿಕಾ_ಸೈಡ್_ಡಿಸೇಬಲ್ಡ್) ಆಗಿರುತ್ತದೆ. ನೀವು ಕೈಯಾರೆ ಎನೇಬಲ್ ಮಾಡುವವರೆಗೂ ಅವು ಮಲಗಿರುತ್ತವೆ. ಎಸ್‌ಕ್ಯೂಎಲ್ ಸರ್ವರ್‌ನ ಅವೈಲಬಿಲಿಟಿ ಗ್ರೂಪ್‌ನಲ್ಲಿ (ಒಂದೇ ಡೇಟಾಬೇಸ್‌ನ ಪ್ರತಿಗಳನ್ನಿಟ್ಟ ಸರ್ವರ್‌ಗಳ ಗುಂಪು) ಎಂಎಸ್‌ಡಿಬಿ ಸಾಮಾನ್ಯವಾಗಿ ಜೊತೆಗೆ ಹೋಗುವುದಿಲ್ಲ. ಹೊಸ ಪ್ರೈಮರಿಯಲ್ಲಿ ಜಾಬ್ ಇರಬೇಕಾದರೆ ಮೊದಲೇ ಅಲ್ಲೂ ಮಾಡಿಟ್ಟಿರಬೇಕು. 2022ರ ಆವೃತ್ತಿಯ ಕಂಟೈನ್ಡ್ ಗ್ರೂಪ್ ಈ ಕೊರತೆಯನ್ನು ತುಂಬುತ್ತದೆ.

ಇಲ್ಲಿ ಗಮನಿಸಬೇಕಾದದ್ದು ಒಂದಿದೆ. ಇವ್ಯಾವುದರಲ್ಲೂ ಎರರ್ ಬರುವುದಿಲ್ಲ. ಫೇಲ್ ಆದ ಜಾಬ್‌ಗೆ ಸಾಲು ಬೀಳುತ್ತದೆ, ಶುರುವೇ ಆಗದ ಜಾಬ್‌ಗೆ ಏನೂ ಬೀಳುವುದಿಲ್ಲ. ಫೇಲ್ ಆದವನ್ನು ಮಾತ್ರ ಎಣಿಸುವ ಮಾನಿಟರಿಂಗ್ ಆ ದಿನ ಹಸಿರು ದೀಪವನ್ನೇ ತೋರಿಸುತ್ತದೆ.

ಹಾಗಾದರೆ ಯಾವುದು?

ಚರಿತ್ರೆ, ಕಾಯುವ ಹೊತ್ತು, ಎರರ್‌ನ ವಿವರ ಎಲ್ಲ ಬೇಕು ಅನ್ನುವವರಿಗೆ ಒರಾಕಲ್‌ನ ಹೊಸ ಷೆಡ್ಯೂಲರ್ ಮುಂದೆ ಬೇರೆ ಯಾವುದೂ ನಿಲ್ಲುವುದಿಲ್ಲ. ಹಳೆಯ ಜಾಬ್‌ಗಳಿದ್ದರೆ ಅಪ್‌ಗ್ರೇಡ್‌ಗೆ ಕಾಯದೆ ಈಗಲೇ ಹೊಸದಕ್ಕೆ ತನ್ನಿ. ತಂಡದಲ್ಲಿ ಕ್ವೆರಿ ಬರೆಯದವರೂ ನೋಡಬೇಕು ಅಂದರೆ ಎಸ್‌ಕ್ಯೂಎಲ್ ಸರ್ವರ್ ಒಳ್ಳೆಯದು, ಹಿಸ್ಟರಿ ಮಿತಿ ಏರಿಸಿದರೆ. ಪಿಜಿ_ಕ್ರಾನ್ ಕಡಿಮೆ ಹೇಳುತ್ತದೆ, ಹೇಳಿದ್ದು ನೆಟ್ಟಗಿರುತ್ತದೆ. ಮೈಎಸ್‌ಕ್ಯೂಎಲ್ ಇವೆಂಟ್‌ಗಳನ್ನು ಸಣ್ಣಪುಟ್ಟ ಸ್ವಚ್ಛತೆಯ ಕೆಲಸಕ್ಕೆ ಇಟ್ಟುಕೊಳ್ಳಿ. ಸಂಬಳ, ಬಿಲ್ಲಿಂಗ್‌ನಂಥದ್ದನ್ನು ಅದಕ್ಕೆ ಒಪ್ಪಿಸುವುದು ನನಗೆ ಒಪ್ಪಿಗೆಯಿಲ್ಲ. ಒಪ್ಪಿಸಲೇಬೇಕಾದರೆ ಇವೆಂಟ್‌ನ ಒಳಗೇ ನಿಮ್ಮದೇ ಲಾಗ್ ಟೇಬಲ್‌ಗೆ ಬರೆಯಿರಿ.

ಆ ಲಾಗ್ ಟೇಬಲ್ ನಾಲ್ಕು ಕಡೆಯೂ ಬೇಕು ಅನ್ನುವುದು ನನ್ನ ಅಭಿಪ್ರಾಯ. ಡೇಟಾಬೇಸ್ ಸಕ್ಸೀಡೆಡ್ ಅನ್ನುವುದಕ್ಕೆ ಎರರ್ ಹೊರಗೆ ಬರಲಿಲ್ಲ ಅಂತಷ್ಟೇ ಅರ್ಥ. ಪ್ರೊಸೀಜರ್ ಒಳಗೆ ಯಾರೋ "ವೆನ್ ಅದರ್ಸ್ ದೆನ್ ನಲ್" ಅಂತ ಬರೆದು ಎರರ್ ನುಂಗಿದ್ದರೆ ಒರಾಕಲ್‌ನ ಎಂಥ ವ್ಯೂ ಆದರೂ ಪಾಸ್ ಅಂತಲೇ ಹೇಳುತ್ತದೆ. ಟೇಬಲ್ ದೊಡ್ಡದೇನೂ ಬೇಡ: ಜಾಬ್ ಹೆಸರು, ಯಾವ ದಿನದ ಕೆಲಸ, ಶುರು, ಮುಕ್ತಾಯ, ಎಷ್ಟು ಸಾಲು. ಪಕ್ಕದಲ್ಲಿ ಇನ್ನೊಂದು ಚಿಕ್ಕ ಟೇಬಲ್: ಯಾವ ಜಾಬ್ ದಿನಾ ಎಷ್ಟು ಗಂಟೆಯೊಳಗೆ ಮುಗಿದಿರಬೇಕು. ಎರಡನೆಯದನ್ನು ಮೊದಲನೆಯದಕ್ಕೆ ಲೆಫ್ಟ್ ಜಾಯಿನ್ ಮಾಡಿ, ಮುಕ್ತಾಯ ನಲ್ ಇರುವ ಸಾಲುಗಳನ್ನು ತೆಗೆಯಿರಿ. ಓಡದೇ ಉಳಿದದ್ದು ಅಲ್ಲಿ ಹೆಸರು ಸಮೇತ ಸಿಗುತ್ತದೆ. ಈ ಕ್ವೆರಿಯನ್ನು ಮಾತ್ರ ಅದೇ ಡೇಟಾಬೇಸ್‌ನ ಷೆಡ್ಯೂಲರ್‌ಗೆ ಹಾಕಬೇಡಿ. ಬೇರೆ ಯಂತ್ರದಿಂದ ಓಡಿಸಿ.